ಗಾಜಿನ ಗಲಾಟೆ

ನಮ್ಮ ಮನೆಯಲ್ಲಿ ಒಂದು ಪಿಕಪ್ ಗಾಡಿಯುಂಟು. 'ನಮ್ಮ' ಎಂದೆನಾದರೂ ಅದು ನನ್ನದಲ್ಲ, ನನ್ನ ತಮ್ಮನದು. ಮುಂದುಗಡೆ ಮೂವರು ಒತ್ತಿಕೊಂಡು ಕುಳಿತುಕೊಳ್ಳಬಹುದಾದ ಕ್ಯಾಬಿನ್ನು, ಹಿಂದುಗಡೆ ಸರಕು ತುಂಬುವ ತೆರೆದ ಬಾಡಿ, ಇವೆರಡರ ನಡುವೆ ಡ್ರೈವರನ ಬೆನ್ನಿಗೆ ಒಂದು ಅಗಲವಾದ ಗಾಜು. ಇಷ್ಟೇ ಅದರ ಸ್ವರೂಪ. ತಿಪಟೂರಿನ ಸುತ್ತಮುತ್ತಣ ತೆಂಗಿನ ತೋಟದವರಿಗೆ ಇಂತಹ ಗಾಡಿಯು ಹಿಂದಿನವರ ಜೋಡೆತ್ತಿನ ಸ್ಥಾನದಲ್ಲಿದೆ. ಕಾಯಿ, ಕೊಬ್ಬರಿ, ಗೊಬ್ಬರ, ಮೇವು, ಮದುವೆಯ ಮನೆಯ ಪಾತ್ರೆ ಪದಾರ್ಥ ಎಲ್ಲವೂ ಅದರಲ್ಲಿಯೇ ಸಾಗತಕ್ಕದ್ದು. ನನ್ನ ತಮ್ಮನ ಕೈಗೆ ಬರುವ ವೇಳೆಗೆ ಈ ಗಾಡಿಯು ಬಾಲ್ಯ ಯೌವನಗಳನ್ನು ಬೇರೊಬ್ಬರ ಸೇವೆಯಲ್ಲಿ ಕಳೆದಿತ್ತು. ಈಗ ಅದಕ್ಕೆ ಹದಿನೇಳು ವರ್ಷ. ಗಾಡಿಗಳ ಆಯುರ್ಮಾನದಲ್ಲಿ ಇದು ಷಷ್ಟ್ಯಬ್ದಪೂರ್ತಿಗೆ ಸಮಾನವೆಂದು ನನ್ನ ಎಣಿಕೆ. ಆದುದರಿಂದ ನನಗೂ ಅದಕ್ಕೂ ಸಮವಯಸ್ಕರ ಸ್ನೇಹ.

ಈ ಸ್ನೇಹಕ್ಕೆ ಕಂಟಕವಾಗಿದ್ದುದು ಆ ಹಿಂಬದಿಯ ಗಾಜು. ಗಾಡಿ ಹೊರಟೊಡನೆಯೇ ಅದು ಮಾತಿಗೆ ತೊಡಗುವುದು. ಒಳ್ಳೆಯ ಡಾಂಬರು ರಸ್ತೆಯಲ್ಲಿ ಸಣ್ಣಗೆ 'ಕಿಣಿಕಿಣಿ' ಎನ್ನುವುದು; ನಮ್ಮೂರ ಮುಂದಿನ ಜಲ್ಲಿಯ ದಾರಿಯಲ್ಲಿ 'ಗಿಲಗಿಲ' ಎಂದು ಸ್ವರವೇರಿಸುವುದು; ಗಾಡಿ ನಿಂತು ಎಂಜಿನು ಮಾತ್ರ ತಿರುಗುತ್ತಿರುವಾಗ ಎಡೆಬಿಡದೆ ಜೀರುಂಡೆಯಂತೆ 'ಝೀ' ಎನ್ನುವುದು. ಮೂವತ್ತು ವರ್ಷಗಳಿಗೂ ಮಿಗಿಲಾಗಿ ಹಿಂದಿನ ಬೆಂಚಿನ ಹುಡುಗರ ಪಿಸುಮಾತನ್ನು ಕೇಳಿ ಹದಗೊಂಡ ಕಿವಿ ನನ್ನದು. ಬೆನ್ನ ಹಿಂದಣ ಆ ಶಬ್ದವು, ಹಲಗೆಯ ಮೇಲೆ ಶಬ್ದರೂಪವನ್ನು ಬರೆಯುತ್ತಿರುವಾಗ ಯಾವನೋ ತುಂಟನು ಡಬ್ಬಿಯಲ್ಲಿ ಗೋಲಿಯನ್ನು ಅಲ್ಲಾಡಿಸುತ್ತಿರುವಂತೆ ನನ್ನನ್ನು ಕಾಡುತ್ತಿತ್ತು. ತಿರುಗಿ ನೋಡಿ ಗದರಿಸೋಣವೆಂದರೆ ಅಲ್ಲಿ ಹುಡುಗನಿಲ್ಲ, ಗಾಜು!

ನನ್ನ ತಮ್ಮನಿಗೆ ಇದರಿಂದ ಎಳ್ಳಷ್ಟೂ ಬಾಧೆಯಿರಲಿಲ್ಲ. "ಇದನ್ನು ಸರಿಮಾಡಿಸಬಾರದೇನಪ್ಪ?" ಎಂದು ಕೇಳಿದರೆ ರಸ್ತೆಯಿಂದ ಕಣ್ಣನ್ನು ತೆಗೆಯದೆ "ಹೂಂ" ಎನ್ನುತ್ತಿದ್ದನು. ಎರಡನೆಯ ಸಲ ಕೇಳಿದರೆ ಅದೂ ಇಲ್ಲ.

ಆ ಮೌನಕ್ಕೆ ನಾನು ಕಲ್ಪಿಸಿಕೊಂಡ ಅರ್ಥವನ್ನು ಇಲ್ಲಿ ಹೇಳದಿದ್ದರೆ ಮುಂದಿನ ಕಥೆಯು ತಿಳಿಯಲಾರದು. ನಾವಿಬ್ಬರೂ ಪಾಲಾದವರು. ಜಗಳವಾಗಿ ಅಲ್ಲ, ಪಂಚಾಯಿತರನ್ನು ಕೂರಿಸಿಕೊಂಡು ಸಮಾಧಾನವಾಗಿಯೇ ಪಾಲಾದೆವು. ಬಾವಿಯಿರುವ ತೋಟವು ನನ್ನ ಪಾಲಿಗೆ ಬಂದಿತು. ದುಡಿಯುವವನು ಅವನು, ನೀರು ನನಗೆ. ಅವನು ಆಗ ಏನನ್ನೂ ಆಡಲಿಲ್ಲ. ನಾನು ಕೆಲಸದಿಂದ ನಿವೃತ್ತನಾಗಿ ಊರಿಗೆ ಬಂದು ನೆಲಸಿದ ಮೇಲೆ, ನನ್ನ ಮಾತಿಗೆ ಅವನು ಉತ್ತರ ಕೊಡದಿರುವುದನ್ನೂ, ಕೊಟ್ಟರೂ ಏನೋ ಒಂದನ್ನು ಕೊಡುವುದನ್ನೂ ಕಂಡು, ಆಗ ಆಡದಿದ್ದುದನ್ನು ಈಗ ಹೀಗೆ ತೀರಿಸಿಕೊಳ್ಳುತ್ತಿದ್ದಾನೆಂದು ನಿಶ್ಚಯಿಸಿದೆನು. ಕಳೆದ ಯುಗಾದಿಯ ಸಂಜೆ ಕೊಟ್ಟಿಗೆಯ ಬಳಿ ನಿಂತು, "ಸಾಲವೆಲ್ಲ ಆಯಿತೆ?" ಎಂದು ಕೇಳಿದೆನು. ಗಾಡಿಗೆಂದು ಬ್ಯಾಂಕಿನಲ್ಲಿ ಮಾಡಿದ್ದ ಸಾಲದ ವಿಚಾರ. ಅವನು, "ಇನ್ನೂ ಇಲ್ಲ, ಕರು ಬಿಡಬೇಕು" ಎಂದು ಹೊರಟುಹೋದನು. 'ನನ್ನ ಸಾಲದ ವಿಚಾರ ನಿನಗೇಕೆ' ಎಂಬುದನ್ನು ಎಷ್ಟು ಚಮತ್ಕಾರವಾಗಿ ಹೇಳಿದನೆಂದು ನಾನು ಆ ರಾತ್ರಿಯೆಲ್ಲ ಕುದಿದೆನು.

ಹೀಗಿದ್ದರೂ ತಿಪಟೂರಿಗೆ ಕೊಬ್ಬರಿ ಕೊಂಡೊಯ್ಯುವ ದಿವಸ ಅವನ ಸಂಗಡ ಹೋಗುವುದನ್ನು ನಾನು ಬಿಡಲಿಲ್ಲ. ಮುಕ್ಕಾಲು ಗಂಟೆಯ ದಾರಿ; ಕ್ಯಾಬಿನ್ನಿನಲ್ಲಿ ನಾವಿಬ್ಬರೇ. ಎಂದಾದರೊಮ್ಮೆ ಬಾವಿಯ ಮಾತನ್ನೆತ್ತಿ, "ನೀರನ್ನು ನೀನೂ ತೆಗೆದುಕೊ" ಎನ್ನಬೇಕೆಂಬುದು ನನ್ನ ಮನಸ್ಸಿನಲ್ಲಿತ್ತು. ಅಂತಹ ಮಾತನ್ನು ಕೂಗಿ ಹೇಳಲಾಗುವುದಿಲ್ಲ, ಮೆಲ್ಲಗೆ ಹೇಳಬೇಕು. ಮೆಲ್ಲಗೆ ಹೇಳೋಣವೆಂದರೆ ಗಾಜು ಬಿಡದು. ಆದುದರಿಂದ ಮೊದಲು ಗಾಜಿನ ಬಾಯನ್ನು ಮುಚ್ಚಿಸಬೇಕೆಂದು ಸಂಕಲ್ಪ ಮಾಡಿದೆನು.

ಶಬ್ದವು ಎಲ್ಲಿಂದ ಬರುವುದೆಂದು ತಿಳಿಯುವುದು ಸುಲಭವಲ್ಲ. ತಗಡಿನ ಚಿಕ್ಕ ಗೂಡಿನಲ್ಲಿ ಒಂದೆಡೆ ಹುಟ್ಟಿದ ಸದ್ದು ನಾಲ್ಕು ಗೋಡೆಗಳಿಗೂ ತಾಗಿ ಎಲ್ಲೆಡೆಯಿಂದಲೂ ಬಂದಂತೆ ಕೇಳುವುದು. ಆದುದರಿಂದ ನಿರಪರಾಧಿಗಳನ್ನು ಒಬ್ಬೊಬ್ಬರನ್ನಾಗಿ ಬಿಡುಗಡೆ ಮಾಡುತ್ತ ಬಂದೆನು. ಸೀಟಿನ ಹಿಂದೆ ಬಿದ್ದಿದ್ದ ಜಾಕು, ಸ್ಪ್ಯಾನರು, ಕಬ್ಬಿಣದ ಸರಪಳಿ ಇವನ್ನು ಗೋಣಿಯ ತಟ್ಟಿನಲ್ಲಿ ಸುತ್ತಿ ಬಿಗಿಯಾಗಿ ಕಟ್ಟಿದೆನು. ರೂಪಾಯಿಗೆ ಎರಡಾಣೆಯಷ್ಟು ಸದ್ದು ಇಳಿಯಿತು. ಸರಕು ಜಾರಿ ಗಾಜಿಗೆ ಬಡಿಯದಿರಲೆಂದು ಹೊರಗಡೆ ಹಾಕಿರುವ ಕಬ್ಬಿಣದ ಕಂಬಿಗಳ ತಡೆಯುಂಟು. ಅದರ ಎರಡು ಬೋಲ್ಟುಗಳು ಸಡಿಲವಾಗಿದ್ದವು. ಬಿಗಿಸಿದ ಮೇಲೆ ಮತ್ತೆರಡಾಣೆ. ಹಿಂದಿನ ಹಲಗೆಯ ಕೊಂಡಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಸುತ್ತಿದೆನು. ಉಳಿದ ಹನ್ನೆರಡಾಣೆಯ ಸದ್ದಿಗೆ ಗಾಜೇ ಹೊಣೆಯೆಂಬುದು ಸಿದ್ಧವಾಯಿತು.

ಗಾಜನ್ನು ಹಿಡಿದಿರುವುದು ರಬ್ಬರಿನ ಪಟ್ಟಿ. ಗ್ಯಾರೇಜಿನವರು ಅದನ್ನು ಬೀಡಿಂಗ್ ಎನ್ನುವರು. ಅದರಲ್ಲಿ ಬೆನ್ನಿಗೆ ಬೆನ್ನಾಗಿ ಎರಡು ಕಾಲುವೆಗಳಿವೆ. ಒಂದು ಕಾಲುವೆಯು ಕ್ಯಾಬಿನ್ನಿನ ತಗಡಿನ ಅಂಚನ್ನು ಕಚ್ಚಿಕೊಂಡಿರುವುದು, ಇನ್ನೊಂದು ಗಾಜಿನ ಅಂಚನ್ನು. ತಗಡಿಗೂ ಗಾಜಿಗೂ ನೇರವಾದ ಸಂಬಂಧವಿಲ್ಲ. ನಡುವೆ ರಬ್ಬರಿದ್ದು ಇಬ್ಬರನ್ನೂ ಹಿಡಿದು, ಇಬ್ಬರ ಪೆಟ್ಟನ್ನೂ ತಾನು ನುಂಗುವುದು. ಅದು ಮೆತ್ತಗಿರುವವರೆಗೆ ಎಲ್ಲವೂ ಸರಿ.

ಸಡಿಲವಿರುವ ಜಾಗವನ್ನು ಕಂಡುಹಿಡಿಯಲು ನಾನು ಹಳೆಯದೊಂದು ಲಗ್ನಪತ್ರಿಕೆಯನ್ನು ಉಪಯೋಗಿಸಿದೆನು. ಅದರ ದಪ್ಪ ಕಾಗದವನ್ನು ಎರಡು ಬೆರಳಗಲದ ಪಟ್ಟಿಯಾಗಿ ಕತ್ತರಿಸಿ, ಗಾಜಿಗೂ ರಬ್ಬರಿಗೂ ನಡುವೆ ತೂರಿಸುತ್ತ ಸುತ್ತಲೂ ಬಂದೆನು. ಮೇಲ್ಗಡೆ ಕಾಗದವು ಹೋಗಲೇ ಇಲ್ಲ. ಕೆಳಗಡೆಯ ಬಲಮೂಲೆಯಲ್ಲಿ, ಗಾಡಿ ನಿಲ್ಲಿಸುವಾಗ ನಿತ್ಯವೂ ಪಡುವಣ ಬಿಸಿಲು ಬೀಳುವ ಕಡೆ, ತಡೆಯಿಲ್ಲದೆ ಒಳಹೊಕ್ಕಿತು. ರಬ್ಬರನ್ನು ಉಗುರಿನಿಂದ ಒತ್ತಿ ನೋಡಿದರೆ ಒಣಗಿದ ಹುಣಸೆಯ ಕೊಂಬೆಯಂತೆ ಗಟ್ಟಿ. ಮೈಮೇಲೆಲ್ಲ ಸಣ್ಣ ಸಣ್ಣ ಬಿರುಕು.

ಆ ಲಗ್ನಪತ್ರಿಕೆಯನ್ನೇ ಮಡಿಸಿ ಅಲ್ಲಿ ತುರುಕಿದೆನು. ಸದ್ದು ನಿಂತಿತು! ಒಂದು ವಾರ ನನ್ನ ಬುದ್ಧಿಗೆ ನಾನೇ ಮೆಚ್ಚಿದೆನು. ಬಳಿಕ ಮಳೆ ಬಂದಿತು; ಕಾಗದವು ನೆನೆದು ಮುದ್ದೆಯಾಯಿತು; ಸದ್ದು ಮೊದಲಿನಂತೆ. ಮುದ್ದೆಯನ್ನು ಕಡ್ಡಿಯಿಂದ ಕೆದಕಿ ತೆಗೆದಾಗ ಅದರ ಜೊತೆಯಲ್ಲಿ ಕೆಂಪು ತುಕ್ಕು ಬಂದಿತು. ಕಾಗದ, ಬಟ್ಟೆ, ಹತ್ತಿ ಏನನ್ನೇ ತುರುಕಿದರೂ ಅದು ನೀರನ್ನು ಹೀರಿ ಹಿಡಿದುಕೊಂಡು ಒಳಗಿನ ತಗಡನ್ನು ತಿನ್ನಿಸುವುದು. ಸದ್ದನ್ನು ನಿಲ್ಲಿಸಹೋಗಿ ಗಾಡಿಯನ್ನು ಸವೆಸುತ್ತಿದ್ದೆನು. ನೆರೆಯವರೊಬ್ಬರು ಮರದ ಬೆಣೆಯನ್ನು ಬಡಿಯಲು ಹೇಳಿದರು. ಮತ್ತೊಬ್ಬರು, "ಗ್ರೀಸು ಬಳಿಯಿರಿ ಮೇಷ್ಟ್ರೇ, ರಬ್ಬರು ಮೆತ್ತಗಾಗುತ್ತೆ" ಎಂದರು. ಪುಣ್ಯಕ್ಕೆ ಎರಡನ್ನೂ ಮಾಡಲಿಲ್ಲ. ಏಕೆಂಬುದನ್ನು ತರುವಾಯ ತಿಳಿದೆನು.

ಈ ನಡುವೆ ರೈಲ್ವೆ ಗೇಟಿನ ಬಳಿ ಒಂದು ವಿಷಯವನ್ನು ಗಮನಿಸಿದೆನು. ಗೇಟು ಹಾಕಿರುವಾಗ ಎಂಜಿನು ಮೆಲ್ಲಗೆ ತಿರುಗುತ್ತಿದ್ದರೆ ಗಾಜಿನ ಆರ್ಭಟ ವಿಪರೀತ. ತಮ್ಮನು ಆಕ್ಸಿಲರೇಟರನ್ನು ಸ್ವಲ್ಪ ಒತ್ತಿದರೆ ಸಾಕು, ಎಂಜಿನಿನ ಸದ್ದು ಹೆಚ್ಚಿ ಗಾಜಿನ ಸದ್ದು ತಗ್ಗುವುದು. ಇದಕ್ಕೆ ಕಾರಣವುಂಟು. ನಾಲ್ಕು ಸಿಲಿಂಡರುಗಳ ಇಂತಹ ಎಂಜಿನಿನಲ್ಲಿ ಒಂದೊಂದು ಸುತ್ತಿಗೆ ಎರಡು ಸಲ ಇಂಧನವು ಸಿಡಿಯುವುದು. ನಿಮಿಷಕ್ಕೆ ೮೦೦ ಸುತ್ತು ತಿರುಗಿದರೆ ೧೬೦೦ ಪೆಟ್ಟು, ಎಂದರೆ ಸೆಕೆಂಡಿಗೆ ಸುಮಾರು ೨೭. ಸಡಿಲವಾದ ಗಾಜಿಗೂ ತನ್ನದೇ ಆದ ಒಂದು ತೂಗಾಟದ ಲಯವಿರುವುದು. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ನೂಕಿದರೆ ಚಿಕ್ಕ ಮಗುವಿನ ಕೈಯಿಂದಲೂ ಎತ್ತರಕ್ಕೆ ಹೋಗುವಂತೆ, ಎಂಜಿನಿನ ಪೆಟ್ಟೂ ಗಾಜಿನ ಲಯವೂ ಕೂಡಿದೆಡೆ ಅಲುಗಾಟವು ಬೆಳೆದು, ಗಾಜು ಗಟ್ಟಿಯಾದ ರಬ್ಬರಿಗೆ ಬಡಿದು ಆ ಕೀರಲು ಸದ್ದನ್ನು ಹೊರಡಿಸುವುದು. ಈ ತಿಳಿವಳಿಕೆಯಿಂದ ನನಗೊಂದು ಅನುಕೂಲವಾಯಿತು. ದಾರಿಯಲ್ಲಿ ಹೋಗುತ್ತ ಪರೀಕ್ಷಿಸಬೇಕಾಗಿಲ್ಲ. ಅಂಗಳದಲ್ಲಿಯೇ ಎಂಜಿನನ್ನು ಓಡಿಸಿ ಗಾಜನ್ನು ಒತ್ತಿ ನೋಡಬಹುದು.

ಒಂದು ಭಾನುವಾರ ಬೆಳಗ್ಗೆ ಹಾಗೆ ಮಾಡಿದೆವು. ತಮ್ಮನನ್ನು ಡ್ರೈವರನ ಜಾಗದಲ್ಲಿ ಕೂರಿಸಿ, ನಾನು ಹಿಂದಿನ ಬಾಡಿಯನ್ನೇರಿ, ಕಂಬಿಗಳ ನಡುವೆ ಕೈ ತೂರಿಸಿ ಗಾಜಿನ ಒಂದೊಂದು ಮೂಲೆಯನ್ನೂ ಒತ್ತುವುದು; ಎಲ್ಲಿ ಒತ್ತಿದಾಗ ಸದ್ದು ನಿಲ್ಲುವುದೋ ಅವನು ಹೇಳುವುದು; ಇದು ಏರ್ಪಾಡು. ಎಂಜಿನು ಓಡಿತು, ಗಾಜು ಝೀ ಎಂದಿತು. ಮೇಲಿನ ಎಡಮೂಲೆಯನ್ನು ಒತ್ತಿದೆನು. ಸದ್ದು ಸ್ವಲ್ಪವೂ ಕುಗ್ಗಲಿಲ್ಲ.

"ಈಗ ಹೇಗಿದೆ?" ಎಂದು ಕೂಗಿದೆನು.

"ನಿಂತಿದೆ ಅಣ್ಣಯ್ಯ" ಎಂದನು.

ಕೈ ತೆಗೆದೆನು. "ಈಗ?"

"ಈಗಲೂ ನಿಂತೇ ಇದೆ."

ನನಗೆ ರೇಗಿತು. ಇಷ್ಟು ಸಣ್ಣ ಕೆಲಸದಲ್ಲಿಯೂ ನನ್ನನ್ನು ಹಾಸ್ಯ ಮಾಡಬೇಕೆ? ಬಾಡಿಯಿಂದ ಧುಮುಕಿ ಬಾಗಿಲ ಬಳಿಗೆ ಹೋಗಿ, "ಕಿವಿಯಿಲ್ಲವೇನಪ್ಪ? ಇಷ್ಟು ಜೋರಾಗಿ ಕಿರುಚುತ್ತಿದೆಯಲ್ಲ!" ಎಂದೆನು. ಅವನು ನನ್ನ ಮುಖವನ್ನೇ ನೋಡಿದನು. ಆ ನೋಟದಲ್ಲಿ ಹಾಸ್ಯವಿರಲಿಲ್ಲ. ನಾಲ್ವತ್ತು ವರ್ಷಗಳ ಹಿಂದೆ ನಾನು ಮಗ್ಗಿ ಒಪ್ಪಿಸಿಕೊಳ್ಳುವಾಗ ಹದಿಮೂರರ ಮಗ್ಗಿ ತಪ್ಪಿದರೆ ಹೀಗೆಯೇ ನೋಡುತ್ತಿದ್ದನು.

"ಯಾವ ಸದ್ದು ಅಣ್ಣಯ್ಯ? ಎಂಜಿನಿನ ಸದ್ದು ಬಿಟ್ಟರೆ ನನಗೆ ಏನೂ ಕೇಳುತ್ತಿಲ್ಲ" ಎಂದನು.

ಎಂಜಿನನ್ನು ನಿಲ್ಲಿಸಿದೆವು. ಅವನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ನಿಂತು ನಾನು ಪಾಠ ಒಪ್ಪಿಸಿಕೊಳ್ಳುವ ದನಿಯಲ್ಲಿ ಒಂದೊಂದೇ ಶಬ್ದವನ್ನು ಹೇಳಿದೆನು. "ಮನೆ" ಎಂದರೆ "ಮನೆ" ಎಂದನು. "ಮಾವಿನ ಮರ" ಎಂದರೆ "ಮಾವಿನ ಮರ" ಎಂದನು. "ಸಂತೆ" ಎಂದೆನು, "ಕಂತೆ" ಎಂದನು. "ಸಾಲ" ಎಂದೆನು, ಸ್ವಲ್ಪ ಯೋಚಿಸಿ "ಹಾಲು" ಎಂದನು.

ವ್ಯಾಕರಣದಲ್ಲಿ ಶ ಷ ಸ ಹ ಎಂಬ ಅಕ್ಷರಗಳಿಗೆ ಊಷ್ಮಗಳೆಂದು ಹೆಸರು. ಬಿಸಿಯುಸಿರಿನ ಬಲದಿಂದ ಹುಟ್ಟುವ ವರ್ಣಗಳು. ಇದನ್ನು ನಾನು ಎಷ್ಟು ತರಗತಿಗಳಿಗೆ ಬಾಯಿಪಾಠ ಮಾಡಿಸಿರುವೆನೋ ಲೆಕ್ಕವಿಲ್ಲ. ಅವುಗಳಲ್ಲಿ ಶ ಷ ಸ ಎಂಬ ಮೂರರ ಧ್ವನಿಯು ಗಾಜಿನ ಕೀರಲಿನಂತೆಯೇ ಮೇಲು ಶ್ರುತಿಯದೆಂದೂ, ಕಿವಿಯು ಸೋಲುವಾಗ ಮೊದಲು ಕಳೆದುಹೋಗುವುದು ಆ ಶ್ರುತಿಯೇ ಎಂದೂ ನನಗೆ ಆಗ ತಿಳಿಯದು. ಒಂದು ಮಾತ್ರ ತಿಳಿಯಿತು. ಯುಗಾದಿಯ ಸಂಜೆ ಅವನು ನನ್ನ ಪ್ರಶ್ನೆಗೇ ಉತ್ತರ ಕೊಟ್ಟಿದ್ದನು. "ಹಾಲೆಲ್ಲ ಆಯಿತೆ?" ಎಂದು ಕೇಳಿದವನಿಗೆ, "ಇನ್ನೂ ಇಲ್ಲ, ಕರು ಬಿಡಬೇಕು" ಎಂಬುದಕ್ಕಿಂತ ಸರಿಯಾದ ಉತ್ತರವು ಯಾವುದಿದೆ? ನಾನು ಆ ರಾತ್ರಿಯೆಲ್ಲ ಯಾರ ಮೇಲೆ ಕುದಿದೆನು?

ಅಂಗಳದ ಕಟ್ಟೆಯ ಮೇಲೆ ಕುಳಿತುಬಿಟ್ಟೆನು. ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದ ತಮ್ಮನ ಮಡದಿ, "ನಾನು ಎರಡು ವರ್ಷದಿಂದ ಹೇಳುತ್ತಿದ್ದೇನೆ ಭಾವ, ಕಿವಿ ತೋರಿಸಿಕೊಳ್ಳಿ ಎಂದರೆ ಕೇಳುವುದಿಲ್ಲ" ಎಂದಳು. 'ಕೇಳುವುದಿಲ್ಲ' ಎಂಬ ಮಾತಿನ ಎರಡರ್ಥಕ್ಕೆ ಮೂವರೂ ನಕ್ಕೆವು. ತಮ್ಮನು ನಾವು ನಕ್ಕುದನ್ನು ನೋಡಿ ನಕ್ಕನು.

ಆದರೆ ಅಂದು ಗಾಜಿನ ಕೆಲಸವು ನಿಲ್ಲಲಿಲ್ಲ. "ಕಿವಿಗೆ ತಿಳಿಯದಿದ್ದರೆ ಹೋಗಲಿ, ಕೈಗೆ ತಿಳಿಯುತ್ತದೆ" ಎಂದು ತಮ್ಮನು ಎಂಜಿನನ್ನು ಮತ್ತೆ ಓಡಿಸಿ, ತಾನು ಒಳಗಡೆಯಿಂದ ಅಂಗೈಯನ್ನು ಗಾಜಿನ ಮೇಲೆ ಹರಡಿ ಮೆಲ್ಲಮೆಲ್ಲನೆ ಸರಿಸಿದನು. ಹಸುವಿನ ಗಬ್ಬವನ್ನು ನೋಡುವ ಕೈ ಅದು. ಕೆಳಗಿನ ಬಲಮೂಲೆಗೆ ಬಂದು, "ಇಲ್ಲಿ ಅದುರುತ್ತಿದೆ. ಇದರ ಪಕ್ಕದಲ್ಲಿ ಒಂದು ಗೇಣಿನಷ್ಟು ಗಾಜು ತಗಡಿಗೇ ತಾಗುತ್ತಿದೆ" ಎಂದನು. ನಾನು ಲಗ್ನಪತ್ರಿಕೆಯಿಂದ ಕಂಡುಹಿಡಿದ ಜಾಗವು ಅದೇ. ಆದರೆ ಗಾಜು ರಬ್ಬರನ್ನು ದಾಟಿ ತಗಡಿಗೆ ತಾಗುತ್ತಿರುವುದನ್ನು ನನ್ನ ಕಿವಿಯು ಹೇಳಿರಲಿಲ್ಲ. ಅವನ ಕೈ ಹೇಳಿತು.

ಮರುದಿನ ತಿಪಟೂರಿನಲ್ಲಿ ಗಾಜಿನ ಕೆಲಸ ಮಾಡುವ ಹಿರಿಯ ಮೇಸ್ತ್ರಿಯೊಬ್ಬರ ಬಳಿಗೆ ಹೋದೆವು. ಅವರು ನೋಡಿದೊಡನೆಯೇ, "ಮೇಷ್ಟ್ರೇ, ಇದು ಸದ್ದಿನ ವಿಷಯವಲ್ಲ. ಒಂದು ದಿನ ಇಡೀ ಗಾಜು ನಿಮ್ಮ ಬೆನ್ನಮೇಲೆ ಬೀಳುತ್ತಿತ್ತು" ಎಂದರು. ಗಾಡಿಯ ಇಂತಹ ಗಾಜನ್ನು ಕಾರ್ಖಾನೆಯಲ್ಲಿ ೬೦೦ ಡಿಗ್ರಿ ಸೆಲ್ಸಿಯಸಿಗೂ ಮಿಗಿಲಾಗಿ ಕಾಯಿಸಿ, ಗಾಳಿಯೂದಿ ಫಕ್ಕನೆ ಆರಿಸುವರು. ಹೊರಮೈ ಮೊದಲು ಗಟ್ಟಿಯಾಗಿ, ಒಳಗು ಆಮೇಲೆ ಆರಿ ಕುಗ್ಗುವಾಗ ಹೊರಮೈಯನ್ನು ಬಿಗಿಯಾಗಿ ಒಳಕ್ಕೆಳೆದುಕೊಳ್ಳುವುದು. ಈ ಬಿಗಿತದಿಂದ ನಡುಭಾಗಕ್ಕೆ ಬಿದ್ದ ಪೆಟ್ಟನ್ನು ಅದು ಚೆನ್ನಾಗಿ ತಾಳುವುದು. ಆದರೆ ಅಂಚಿನಲ್ಲಿ ದುರ್ಬಲ. ಅಂಚಿಗೆ ಲೋಹವು ತಾಗಿ ತಾಗಿ ಒಂದು ಚೂರು ಹಾರಿ ಬಿರುಕು ಒಳಗಿನವರೆಗೆ ಹೋಯಿತೆಂದರೆ ಇಡಿಯ ಗಾಜು ಒಂದೇ ಕ್ಷಣದಲ್ಲಿ ಕಲ್ಲುಸಕ್ಕರೆಯಂತೆ ಪುಡಿಯಾಗುವುದು. ಮರದ ಬೆಣೆಯನ್ನು ಬಡಿದಿದ್ದರೆ ಆ ಕೆಲಸವನ್ನು ನಾನೇ ಮಾಡಿರುತ್ತಿದ್ದೆನು. ಇನ್ನು ಗ್ರೀಸಿನ ವಿಚಾರ. ಸಾಮಾನ್ಯವಾದ ಗ್ರೀಸು ನೆಲದೆಣ್ಣೆಯ ವಂಶದ್ದು. ರಬ್ಬರು ಅದನ್ನು ಹೀರಿ ಉಬ್ಬಿ ಬಲಗೆಡುವುದು. ಬಳಿಯಲೇಬೇಕಾದರೆ ಸಿಲಿಕೋನ್ ಗ್ರೀಸನ್ನು ಬಳಿಯಬೇಕು. ಅದೂ ರಬ್ಬರು ಮೆತ್ತಗಿರುವಾಗ ಅದನ್ನು ಕಾಪಾಡುವುದೇ ಹೊರತು ಗಟ್ಟಿಯಾದುದನ್ನು ಮರಳಿ ಎಳೆಯದಾಗಿ ಮಾಡದು.

ಮೇಸ್ತ್ರಿಯು ಹಳೆಯ ಬೀಡಿಂಗಿನ ತುಟಿಯನ್ನು ಒಳಗಡೆಯಿಂದ ಚಾಕುವಿನಿಂದ ಸೀಳಿ, ಇಬ್ಬರು ಹುಡುಗರನ್ನು ಹೊರಗೆ ನಿಲ್ಲಿಸಿ, ಒಳಗಿನಿಂದ ಅಂಗೈಯಲ್ಲಿ ಒತ್ತಿ ಗಾಜನ್ನು ಬಿಡಿಸಿದರು. ರಬ್ಬರಿನ ಕಾಲುವೆಯಲ್ಲಿ ಹದಿನೇಳು ವರ್ಷದ ಧೂಳು, ತೆಂಗಿನ ನಾರು, ನನ್ನ ಲಗ್ನಪತ್ರಿಕೆಯ ಅವಶೇಷ. ತಗಡಿನ ಅಂಚು ಒಂದು ಗೇಣಿನಷ್ಟು ತುಕ್ಕು ಹಿಡಿದು ಹೊಪ್ಪಳಿಕೆಯೆದ್ದಿತ್ತು. ತಂತಿಯ ಬ್ರಷ್ಷಿನಿಂದ ಅದನ್ನು ಬಿಳಿಯ ತಗಡು ಕಾಣುವವರೆಗೆ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಒಣಗಿದ ಮೇಲೆ ಬಣ್ಣವನ್ನು ಹಚ್ಚಿದರು. ಅದಕ್ಕೆ ಒಂದು ದಿನ ಹಿಡಿಯಿತು. ಹೊಸ ರಬ್ಬರನ್ನು ಕೂರಿಸಿದ ರೀತಿಯನ್ನು ಮಾತ್ರ ವಾಚಕರಿಗೆ ಹೇಳದೆ ಇರಲಾರೆನು. ಮೊದಲು ಗಾಜಿನ ಸುತ್ತಲೂ ಹೊಸ ಬೀಡಿಂಗನ್ನು ತೊಡಿಸಿದರು. ತಗಡನ್ನು ಕಚ್ಚಬೇಕಾದ ಹೊರಗಿನ ಕಾಲುವೆಯಲ್ಲಿ ಸುತ್ತಲೂ ಒಂದು ಗಟ್ಟಿ ದಾರವನ್ನು ಹುದುಗಿಸಿ, ಅದರ ಎರಡು ತುದಿಗಳನ್ನೂ ಕೆಳಗಡೆ ಇಳಿಬಿಟ್ಟರು. ಸಾಬೂನಿನ ನೀರನ್ನು ಬಳಿದು ಗಾಜನ್ನು ಹೊರಗಿನಿಂದ ಜಾಗಕ್ಕೆ ಹಿಡಿದು, ದಾರದ ತುದಿಗಳನ್ನು ಕ್ಯಾಬಿನ್ನಿನ ಒಳಕ್ಕೆ ತೆಗೆದುಕೊಂಡರು. ಹುಡುಗರು ಹೊರಗಿನಿಂದ ಅಂಗೈಯಲ್ಲಿ ಒತ್ತುತ್ತಿರುವಂತೆ ಅವರು ಒಳಗಿನಿಂದ ದಾರವನ್ನು ಮೆಲ್ಲಗೆ ಎಳೆದರು. ದಾರವು ಹೊರಬರುತ್ತ ಬಂದಂತೆ ರಬ್ಬರಿನ ತುಟಿಯು ತಗಡಿನ ಅಂಚನ್ನು ದಾಟಿ ತಾನಾಗಿ ಒಳಗಡೆಗೆ ಮಡಚಿಕೊಂಡಿತು. ಸುತ್ತಿಗೆಯಿಲ್ಲ, ಚಾಣವಿಲ್ಲ. ಒಂದು ಬಕೀಟು ನೀರನ್ನು ಸುರಿದು ನೋಡಿದರು. ಒಳಗೆ ಒಂದು ಹನಿಯೂ ಇಲ್ಲ.

ಹಳೆಯ ರಬ್ಬರಿನ ಒಂದು ತುಂಡನ್ನು ನಾನು ಮನೆಗೆ ತಂದಿಟ್ಟುಕೊಂಡಿದ್ದೇನೆ. ಮರದ ಹಾಲಿನಿಂದ ಬಂದ ಈ ಪದಾರ್ಥವು ಸೀಸದ ಕಡ್ಡಿಯ ಬರೆಹವನ್ನು ಉಜ್ಜಿ ಅಳಿಸುವುದೆಂದು ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ೧೭೭೦ರಲ್ಲಿ ಬರೆದನು. 'ಉಜ್ಜುವುದು' ಎಂಬ ಅರ್ಥದಿಂದಲೇ ಇಂಗ್ಲಿಷಿನಲ್ಲಿ ಅದಕ್ಕೆ 'ರಬ್ಬರ್' ಎಂಬ ಹೆಸರು. ಹಸಿಯ ರಬ್ಬರು ಬೇಸಗೆಯಲ್ಲಿ ಅಂಟು, ಚಳಿಯಲ್ಲಿ ಬಿರುಸು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ೧೮೩೯ರಲ್ಲಿ ಅದನ್ನು ಗಂಧಕದೊಡನೆ ಕಾಯಿಸಿ, ಎಳೆದರೆ ಹಿಗ್ಗಿ ಬಿಟ್ಟರೆ ಮೊದಲಿನಂತಾಗುವ ಗುಣವನ್ನು ನೆಲೆಗೊಳಿಸಿದನು. ರೋಮನರ ಅಗ್ನಿದೇವತೆಯಾದ ವಲ್ಕನ್ನನ ಹೆಸರಿನಿಂದ ಆ ಕ್ರಮಕ್ಕೆ 'ವಲ್ಕನೀಕರಣ'ವೆಂದು ಹೆಸರಾಯಿತು. ಗಂಧಕವು ರಬ್ಬರಿನ ಉದ್ದನೆಯ ಎಳೆಗಳನ್ನು ಅಲ್ಲಲ್ಲಿ ಸೇತುವೆ ಕಟ್ಟಿದಂತೆ ಒಂದಕ್ಕೊಂದು ಬಿಗಿಯುವುದು. ಸೇತುವೆಗಳು ಹಿತಮಿತವಾಗಿದ್ದರೆ ರಬ್ಬರು ಮಣಿಯುವುದು. ವರ್ಷಗಳುರುಳಿದಂತೆ ಬಿಸಿಲು, ಶಾಖ, ಗಾಳಿಯ ಆಮ್ಲಜನಕ ಇವು ಹೊಸ ಹೊಸ ಬಿಗಿತಗಳನ್ನುಂಟುಮಾಡಿ, ಎಳೆಗಳು ಅತ್ತಿತ್ತ ಸರಿಯದಂತಾಗಿ, ಮಣಿಯುವುದು ನಿಂತುಹೋಗುವುದು. ಎಂದರೆ, ಅದಕ್ಕೆ ಆಕಾರವನ್ನು ಕೊಟ್ಟ ಬಿಗಿತವೇ ಅತಿಯಾಗಿ ಅದನ್ನು ಕೆಡಿಸುವುದು. ಬಾವಿಯ ನೀರಿನ ಮಾತನ್ನು ಇಷ್ಟು ವರ್ಷ ಗಂಟಲಿನಲ್ಲಿಯೇ ಹಿಡಿದುಕೊಂಡು, ತಮ್ಮನ ಮೌನಕ್ಕೆಲ್ಲ ಒಂದೇ ಭಾಷ್ಯವನ್ನು ಬರೆದುಕೊಂಡಿದ್ದ ನನಗೆ ಆ ತುಂಡನ್ನು ಕೈಯಲ್ಲಿ ಹಿಡಿದಾಗ ನಾಚಿಕೆಯಾಗುವುದುಂಟು.

ಗಾಡಿಯ ಕೆಲಸವಾದ ಮುಂದಿನ ವಾರವೇ ತಮ್ಮನನ್ನು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆನು. ಇದನ್ನು ಮುಂದೂಡಬಾರದೆನ್ನಲು ಕಾರಣವಿತ್ತು. ಲಾರಿಯ ಹಾರನ್ನು ಅವನಿಗೆ ಕೇಳುತ್ತಿತ್ತು. ಆದರೆ ಹಿಂದಿನಿಂದ ಬರುವ ಸೈಕಲ್ಲಿನ ಗಂಟೆಯಾಗಲಿ, ಮಗುವಿನ ಕೀರಲು ಕೂಗಾಗಲಿ ಕೇಳುತ್ತಿರಲಿಲ್ಲ. ನಿತ್ಯವೂ ಶಾಲೆಯ ಮುಂದೆ ಹಾದುಹೋಗುವ ಗಾಡಿ ಅದು. ಅಲ್ಲಿ ಮೊದಲು ಕಿವಿಯಲ್ಲಿ ಗುಗ್ಗೆಯೇನಾದರೂ ಕಟ್ಟಿದೆಯೇ ಎಂದು ನೋಡಿದರು. ಕೆಲವರಿಗೆ ಅದನ್ನು ತೆಗೆದರೇ ಸಾಕಾಗುವುದಂತೆ. ಬಳಿಕ ಸದ್ದು ಹೊಗದ ಕೋಣೆಯಲ್ಲಿ ಕೂರಿಸಿ, ಸೆಕೆಂಡಿಗೆ ೨೫೦ ಕಂಪನದ ತಗ್ಗಿನ ಸ್ವರದಿಂದ ೮೦೦೦ ಕಂಪನದ ಮೇಲಿನ ಸ್ವರದವರೆಗೆ ಒಂದೊಂದನ್ನೇ ಕೇಳಿಸಿ, ಕೇಳಿದಾಗಲೆಲ್ಲ ಗುಂಡಿಯನ್ನು ಒತ್ತಲು ಹೇಳಿದರು. ೧೦೦೦ದವರೆಗೆ ಹೆಚ್ಚು ಕೊರತೆಯಿಲ್ಲ. ೨೦೦೦ದಿಂದಾಚೆಗೆ ರೇಖೆಯು ಬೆಟ್ಟದಿಂದ ಇಳಿದಂತೆ ಇಳಿಯಿತು. 'ಸ' ಎಂಬ ವರ್ಣದ ಬಲವೆಲ್ಲ ಇರುವುದು ೪೦೦೦ಕ್ಕೂ ಮೇಲೆ. ಸ್ವರಾಕ್ಷರಗಳ ಬಲವು ಅದಕ್ಕಿಂತ ಬಹಳ ಕೆಳಗೆ; ಆದುದರಿಂದ ಮಾತು ಕೇಳಿದಂತೆ ಇರುವುದು, ತಿಳಿಯುವುದಿಲ್ಲ. ಎಷ್ಟು ವರ್ಷ ಟ್ರ್ಯಾಕ್ಟರು ಓಡಿಸಿದಿರಿ ಎಂದು ಕೇಳಿದರು. ಇಪ್ಪತ್ತೈದು ಎಂದನು. ೮೫ ಡೆಸಿಬೆಲ್ಲಿನ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಇರಲಾಗದೆಂದೂ, ಹಳೆಯ ಟ್ರ್ಯಾಕ್ಟರಿನ ಸದ್ದು ಅದನ್ನು ಮೀರುವುದೆಂದೂ, ಹೀಗೆ ಸವೆದ ಕಿವಿಯ ನರದ ತುದಿಗಳು ಮತ್ತೆ ಬೆಳೆಯಲಾರವೆಂದೂ ತಿಳಿಸಿ, ಶ್ರವಣಯಂತ್ರವನ್ನು ಅಳತೆಗೆ ತಕ್ಕಂತೆ ಹೊಂದಿಸಿ ಕೊಟ್ಟರು.

ಅದಾದ ಮೇಲೆ ಮೊದಲನೆಯ ಸಲ ಕೊಬ್ಬರಿ ತುಂಬಿಕೊಂಡು ತಿಪಟೂರಿಗೆ ಹೊರಟೆವು. ಜಲ್ಲಿಯ ದಾರಿಯು ಬಂದಿತು, ಗಾಜು ತುಟಿಪಿಟಕ್ಕೆನ್ನಲಿಲ್ಲ. ರೈಲ್ವೆ ಗೇಟು ಹಾಕಿತ್ತು. ಎಂಜಿನು ಮೆಲ್ಲಗೆ ತಿರುಗುತ್ತಿತ್ತು. ಬೆನ್ನ ಹಿಂದೆ ನಿಶ್ಶಬ್ದ. ಇಂತಹ ಸಮಯಕ್ಕೆ ನಾನು ಎಷ್ಟೋ ದಿನಗಳಿಂದ ಕಾದಿದ್ದೆನು. ಆದರೂ ಮಾತು ಹೊರಡಲು ಎರಡು ನಿಮಿಷ ಹಿಡಿಯಿತು. ಕೊನೆಗೆ, ಕೂಗದೆ, ಅವನ ಕಡೆಗೆ ನೋಡದೆ, "ಬಾವಿಯ ನೀರನ್ನು ಸರದಿಯ ಮೇಲೆ ನಿನ್ನ ತೋಟಕ್ಕೂ ಬಿಡೋಣ. ಪೈಪಿನ ಖರ್ಚನ್ನು ನಾನು ಕೊಡುತ್ತೇನೆ" ಎಂದೆನು.

ಅವನು ಮಾತನಾಡಲಿಲ್ಲ. ಈ ಸಲ ಕೇಳಿಸದೆ ಅಲ್ಲವೆಂಬುದು ನನಗೆ ಗೊತ್ತಿತ್ತು. ರೈಲು ಹಾದುಹೋಯಿತು, ಗೇಟು ತೆರೆಯಿತು. ಗಾಡಿಯು ಹಳಿಗಳನ್ನು ದಾಟಿದ ಮೇಲೆ, "ಪೈಪಿನ ಖರ್ಚು ಇಬ್ಬರದೂ ಅಣ್ಣಯ್ಯ" ಎಂದನು.

ಊರು ಮುಟ್ಟಲು ಇನ್ನೂ ಎರಡು ಮೈಲಿಯಿರುವಾಗ ಅವನು ತಲೆಯನ್ನು ಒಂದು ಕಡೆಗೆ ವಾಲಿಸಿ, ಹುಬ್ಬು ಗಂಟಿಕ್ಕಿ ಏನನ್ನೋ ಆಲಿಸತೊಡಗಿದನು.

"ಅಣ್ಣಯ್ಯ, ನಿಮ್ಮ ಕಡೆಯ ಬಾಗಿಲಿನಲ್ಲಿ ಏನೋ 'ಕಿರ್ ಕಿರ್' ಎನ್ನುತ್ತಿದೆಯಲ್ಲ?"

ನಾನು ಬಾಗಿಲಿಗೆ ಕಿವಿಯಿಟ್ಟು ಕೇಳಿದೆನು. ಉಸಿರು ಹಿಡಿದು ಕೇಳಿದೆನು. ನನಗೆ ಏನೂ ಕೇಳಿಸಲಿಲ್ಲ.